ಶುಗರ್ ಬುಕ್ಕಿನಲ್ಲಿ ಸುಳ್ಳು ಬರೆದವಳ ಕೆಲವು ಉಪಾಯಗಳು

2003ರ ಜೂನ್‌ನ ಒಂದು ರಾತ್ರಿ ಮೂರು ವಾರದ ಶುಗರ್ ರೀಡಿಂಗನ್ನು ಒಂದೇ ಕೂತಲ್ಲಿ ಬರೆದು ಮುಗಿಸಿದೆ. ದಾವಣಗೆರೆಯಲ್ಲಿ ಆಗ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಲೈಟು ಹಾಕಿಕೊಂಡು ನೆಲದ ಮೇಲೆ ಕೂತೆ. ಒಂದೇ ಪೆನ್ನಿನಲ್ಲಿ ಬರೆದರೆ ಡಾಕ್ಟರಿಗೆ ಗೊತ್ತಾಗುತ್ತದೆ ಅಂತ ಎರಡು ನೀಲಿ, ಒಂದು ಕಪ್ಪು ಪೆನ್ನು ಇಟ್ಟುಕೊಂಡಿದ್ದೆ. 112, 134, 98, 141. ಎಲ್ಲವೂ ಚೆನ್ನಾಗಿದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೆ ನಡುವೆ ಒಂದು 210 ಹಾಕಿ ಪಕ್ಕದಲ್ಲಿ 'ಅಜ್ಜಿ ಮನೆ, ಹೋಳಿಗೆ' ಅಂತ ಷರಾ ಬರೆದೆ. ಕಲೆ ಇದ್ದರೆ ನಿಜ ಅನಿಸುತ್ತದೆ ಅಂತ ಒಂದು ಪುಟಕ್ಕೆ ಬೆರಳಿನಿಂದ ಸಾರನ್ನೂ ಮುಟ್ಟಿಸಿದೆ.

ಮಾರನೆಯ ದಿನ ಡಾಕ್ಟರು ಪುಸ್ತಕ ತಿರುವಿ ನೋಡಿ, ಅಕ್ಷರ ದುಂಡಗಿದೆ ಅಂದರು. ಆಮೇಲೆ ಎಚ್‌ಬಿಎ1ಸಿ ರಿಪೋರ್ಟು ಬಿಚ್ಚಿದರು. 10.4. ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ 250ರ ಸುಮಾರು. ಬೈಯಲಿಲ್ಲ. "ಈ ಹೋಳಿಗೆ ತಿಂದ ದಿನ ಬಿಟ್ಟು ಉಳಿದ ದಿನ ಏನು ತಿಂದೆಯಮ್ಮ?" ಅಂತ ಮಾತ್ರ ಕೇಳಿದರು. ಅಪ್ಪ ಪಕ್ಕದಲ್ಲೇ ಕೂತಿದ್ದರು.

ನನಗೆ ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದೆ ದಿನಾ ಇಂಜೆಕ್ಷನ್ ಬೇಕಾಗುವ ಶುಗರ್ ಕಾಯಿಲೆ, ಬಂದದ್ದು 2001ರಲ್ಲಿ, 12ನೇ ವಯಸ್ಸಿಗೆ. ಕ್ಲಾಸಿಗೆ ಫಸ್ಟ್ ಬರುವ, ಪುಸ್ತಕಕ್ಕೆ ಬೈಂಡ್ ಹಾಕದೆ ನಿದ್ದೆ ಬಾರದ ಹುಡುಗಿ ನಾನು. ಇಂಥವಳು ಶುಗರನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂತ ಎಲ್ಲರ ಲೆಕ್ಕ. ನನ್ನ ಚಿಕ್ಕಪ್ಪನ ಮಗನಿಗೆ ಇದೇ ಕಾಯಿಲೆ ಬಂದದ್ದು 2012ರಲ್ಲಿ, ಹರಿಹರದಲ್ಲಿ, ಅವನಿಗೆ 15 ಇದ್ದಾಗ. ಸ್ಕೂಲ್ ಬ್ಯಾಗು ಬಸ್ಸಿನಲ್ಲೇ ಬಿಟ್ಟು ಬರುವ ಗಿರಾಕಿ. ಎಷ್ಟು ಸಲ ಚೆಕ್ ಮಾಡಿದೆ ಅಂತ ಡಾಕ್ಟರು ಕೇಳಿದರೆ "ಮಾಡೇ ಇಲ್ಲ ಸರ್" ಅಂದು ಹಲ್ಲು ಬಿಡುತ್ತಿದ್ದ. ಸುಳ್ಳು ಬರೆದದ್ದು ನಾನು. ಅವನು ಒಂದು ಸಲವೂ ಬರೆದವನಲ್ಲ, ಸುಳ್ಳನ್ನೂ ಬರೆಯಲಿಲ್ಲ, ನಿಜವನ್ನೂ ಬರೆಯಲಿಲ್ಲ.

ಸ್ವಭಾವಕ್ಕೂ ಶುಗರಿಗೂ ಸಂಬಂಧ ಇದೆ ಅನ್ನುವುದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಶಿಸ್ತಿನ ಗುಣ ಜಾಸ್ತಿ ಇರುವವರು ಚೆಕ್ ಮಾಡುವುದನ್ನು, ಇಂಜೆಕ್ಷನ್ನನ್ನು ತಪ್ಪಿಸುವುದು ಕಡಿಮೆ, ಆತಂಕದ ಗುಣ ಜಾಸ್ತಿ ಇರುವವರಿಗೆ ಈ ಕಾಯಿಲೆ ಮನಸ್ಸಿಗೆ ಹೆಚ್ಚು ಭಾರ. ನನ್ನ ಕಷ್ಟ ಏನೆಂದರೆ ನಾನು ಎರಡೂ ಹೌದು. ನಿಮ್ಮ ಮನೆಯ ಮಕ್ಕಳೂ ಹೀಗೇ ಕಲಬೆರಕೆ ಇರುತ್ತಾರೆ. ಅದಕ್ಕೆ 'ಶಿಸ್ತು ಕಲಿ', 'ಧೈರ್ಯ ತಂದುಕೋ' ಅನ್ನುವ ಉಪದೇಶ ಬಿಟ್ಟುಬಿಡಿ. ಹುಟ್ಟುಗುಣ ಎಚ್‌ಬಿಎ1ಸಿ ರಿಪೋರ್ಟು ನೋಡಿ ಬದಲಾಗುವುದಿಲ್ಲ. ಆದರೆ ಈ ಹುಡುಗ ಎಲ್ಲಿ ಜಾರುತ್ತಾನೆ ಅನ್ನುವುದನ್ನು ಸ್ವಭಾವ ಮೊದಲೇ ಹೇಳಿಬಿಡುತ್ತದೆ. ಅಲ್ಲಿಗೆ ಮಾತ್ರ ಒಂದು ಹಗ್ಗ ಕಟ್ಟಿದರೆ ಸಾಕು.

ಮೊದಲು ಎರಡು ವಾರದ ಕ್ಯಾಲೆಂಡರ್

ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆ ಒಂದು ಹರಿದುಕೊಳ್ಳಿ. ಚೆಕ್ ಮಾಡುವುದೋ ಇಂಜೆಕ್ಷನ್ನೋ ತಪ್ಪಿಹೋದ ದಿನ ಆ ಚೌಕದಲ್ಲಿ ಒಂದೇ ಒಂದು ಮಾತು ಬರೆಯಿರಿ: ಮರೆತೆ, ನಾಚಿಕೆ, ಹೆದರಿಕೆ, ಬೇಡ ಅನ್ನಲಾಗಲಿಲ್ಲ, ಬೇಜಾರು. ರೀಡಿಂಗ್ ಬರೆಯಬೇಡಿ. ಮನೆಯವರು ನೋಡುವ ಹಾಗಿಲ್ಲ. ಎರಡು ವಾರ ಆದ ಮೇಲೆ ಎಣಿಸಿ. ಯಾವ ಮಾತು ಜಾಸ್ತಿ ಇದೆಯೋ ಅಲ್ಲಿಂದ ಶುರು. ಅದೊಂದನ್ನೇ ಹಿಡಿಯಿರಿ, ಉಳಿದದ್ದು ಮುಂದಿನ ತಿಂಗಳಿಗೆ ಇರಲಿ.

ಡೋಸ್ ಎಷ್ಟು ಅನ್ನುವ ವಿಷಯಕ್ಕೆ ನಾನು ಬರುವುದಿಲ್ಲ. ಅದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ಮರೆತೆ

ಚಿಕ್ಕಪ್ಪನ ಮಗನ ಹಾಳೆಯಲ್ಲಿ 14ರಲ್ಲಿ 9 ದಿನ 'ಮರೆತೆ'. ಉಳಿದ ದಿನ ಹಾಳೆಯಲ್ಲಿ ಬರೆಯುವುದನ್ನೇ ಮರೆತಿದ್ದ.

ಇಂಥವರಿಗೆ ಡೈರಿ ಕೊಡುವುದು ಎಮ್ಮೆಗೆ ಕೊಡೆ ಹಿಡಿದ ಹಾಗೆ. ಮೀಟರಿಗೆ ನೆನಪಿನ ಶಕ್ತಿ ಇದೆ, ಅದೇ ಸಾಕು. ನಾವು ಮಾಡಿದ್ದು ಇಷ್ಟು: ಅವನು ಏನನ್ನು ಮರೆಯುವುದಿಲ್ಲ ಅಂತ ಹುಡುಕಿದೆವು. ಮೊಬೈಲ್ ಚಾರ್ಜಿಗೆ ಹಾಕುವುದನ್ನು ಒಂದು ದಿನವೂ ಮರೆತವನಲ್ಲ. ರಾತ್ರಿಯ ಬೇಸಲ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ) ಇನ್ಸುಲಿನ್ ಪೆನ್ನು, ಅಂದರೆ ಪೆನ್ನಿನಾಕಾರದ ಇಂಜೆಕ್ಷನ್, ಚಾರ್ಜರ್ ಪಕ್ಕದ ಗೂಡಿಗೆ ಬಂತು. ಬಳಕೆಯಲ್ಲಿರುವ ಪೆನ್ನನ್ನು 30 ಡಿಗ್ರಿ ದಾಟದ ಜಾಗದಲ್ಲಿ ಸುಮಾರು 4 ವಾರ ಹೊರಗೆ ಇಡಬಹುದು, ನಿಮ್ಮ ಪೆನ್ನಿನ ಚೀಟಿ ಒಮ್ಮೆ ಓದಿಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಮಾತು ನಡೆಯುವುದಿಲ್ಲ. ಆಗ ನೀರು ಹಾಕಿದ ಮಣ್ಣಿನ ಮಡಕೆಯೊಳಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಪೆನ್ನು, ಮಡಕೆ ಮಾತ್ರ ಚಾರ್ಜರ್ ಕೆಳಗೇ.

ಮರೆಯುವವರ ದೊಡ್ಡ ಅಪಾಯ ತಪ್ಪಿಸುವುದಲ್ಲ, ಎರಡು ಸಲ ತಗೊಳ್ಳುವುದು. "ತಗೊಂಡ್ನಾ ಇಲ್ವಾ?" ಅನ್ನುವ ಅನುಮಾನದಲ್ಲಿ ಇನ್ನೊಮ್ಮೆ ಚುಚ್ಚಿಕೊಂಡರೆ ನಡುರಾತ್ರಿ ಲೋ, ಅಂದರೆ ಶುಗರ್ ತೀರಾ ಇಳಿದುಹೋಗುತ್ತದೆ. ಇದಕ್ಕೆ ಅವನೇ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಮುದುಕರಿಗೆ ತರುವ ವಾರದ ಮಾತ್ರೆ ಡಬ್ಬಿ ಇರುತ್ತದಲ್ಲ, ಸೋಮ ಮಂಗಳ ಬುಧ ಅಂತ ಏಳು ಮನೆ ಇರುವುದು, ಅದನ್ನು ತಂದ. ಭಾನುವಾರ ರಾತ್ರಿ ಒಂದೊಂದು ಮನೆಗೆ ಒಂದೊಂದು ಹೊಸ ಪೆನ್ ನೀಡಲ್ ಹಾಕಿಡುತ್ತಾನೆ. ಇವತ್ತಿನ ಮನೆ ಖಾಲಿ ಇದ್ದರೆ ಇಂಜೆಕ್ಷನ್ ಆಗಿದೆ. ನೀಡಲ್ ಇದ್ದರೆ ಆಗಿಲ್ಲ. ಒಂದೇ ನೀಡಲನ್ನು ಹತ್ತು ದಿನ ಎಳೆಯುವ ಚಾಳಿಯೂ ಇದರಿಂದ ಬಿಟ್ಟುಹೋಯಿತು.

ಟೂರಿಗೆ ಹೋದಾಗ ಪೆನ್ನು ಮರೆತರೆ? ಮರೆತಿದ್ದಾನೆ, ಎರಡು ಸಲ. ಊರು ಬಿಟ್ಟ ಕಡೆ ವಯಲ್ (ಇನ್ಸುಲಿನ್ ಬಾಟಲಿ) ಕೊಂಡರೆ ಸಿರಿಂಜ್ ನೋಡಿ ಕೊಳ್ಳಬೇಕು. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್ ಸಿಗುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ್ದು 100ರ ಇನ್ಸುಲಿನ್ನಿಗೆ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಪರ್ಸಿನೊಳಗೆ ಒಂದು ಚೀಟಿಯಲ್ಲಿ ಇನ್ಸುಲಿನ್ ಹೆಸರು, ಡೋಸು, ಈ ಬಣ್ಣದ ಲೆಕ್ಕ ಬರೆದಿಡಿ. ಮರೆಯುವವರು ತಲೆಯನ್ನು ನಂಬಬಾರದು, ಜೇಬನ್ನು ನಂಬಬೇಕು.

ಇವರ ಬಂಡವಾಳ ಬೇರೆ ಇರುತ್ತದೆ. ನನಗೆ ಇದ್ದದ್ದು ಒಂದು ನೋಟ್‌ಬುಕ್ಕು, ಅವನಿಗೆ ಹನ್ನೆರಡು ಜನ ಗೆಳೆಯರು. ಕಬಡ್ಡಿ ತಂಡದ ಎಲ್ಲರಿಗೂ ಅವನೇ ಪಾಠ ಮಾಡಿದ್ದ: ನಾನು ಸುಮ್ಮಸುಮ್ಮನೆ ಬೆವರಿದರೆ, ಮಾತು ತಡವರಿಸಿದರೆ, ಕಾರಣ ಇಲ್ಲದೆ ಜಗಳ ತೆಗೆದರೆ ಮೊದಲು ಬಾಯಿಗೆ ಸಕ್ಕರೆ ಹಾಕಿ, ಆಮೇಲೆ ಜಗಳ ಆಡಿ. 70ಕ್ಕಿಂತ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ಚೆಕ್. ಚಾಕೊಲೇಟ್ ಬೇಡ, ಕೊಬ್ಬಿದ್ದರೆ ಸಕ್ಕರೆ ರಕ್ತಕ್ಕೆ ತಡವಾಗಿ ಇಳಿಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್. ಆಟ ಆಡಿದ ದಿನ ರಾತ್ರಿ ಮಲಗಿದ ಮೇಲೂ ಶುಗರ್ ಇಳಿಯಬಹುದು ಅನ್ನುವುದನ್ನು ಆ ಹುಡುಗರು ನೆನಪಿಟ್ಟುಕೊಂಡಷ್ಟು ಇವನು ಇಟ್ಟುಕೊಳ್ಳಲಿಲ್ಲ.

ಇನ್ನೊಂದು ಮಾತು. ಇಂಥವರಿಗೆ ಅಪ್ಪಣೆ ಕೊಟ್ಟರೆ ಕಿವಿಗೆ ಹೋಗುವುದಿಲ್ಲ, ಪ್ರಯೋಗ ಕೊಟ್ಟರೆ ಮಾಡುತ್ತಾರೆ. ಒಂದು ಸಲ ತೋಳಿಗೆ, ಶುಗರನ್ನು ಬಿಡದೆ ಅಳೆದು ಗ್ರಾಫ್ ತೋರಿಸುವ 14 ದಿನದ ಸೆನ್ಸರ್ ಹಾಕಿಸಿದೆವು. ಸಂಜೆ ಮಂಡಕ್ಕಿ ಮಿರ್ಚಿ ತಿಂದು ಗ್ರಾಫ್ ನೋಡುತ್ತ ಕೂತ. ಮಂಡಕ್ಕಿ ಹಗುರ, ಅದರಲ್ಲೇನಿದೆ ಅಂತ ಅವನ ವಾದ. ಅಕ್ಕಿಯೇ ಅಲ್ಲವೇನೋ ಅಂತ ನನ್ನದು. ಗೆರೆ ಜರ್ರನೆ ಮೇಲೆ ಹೋಯಿತು, ಮಿರ್ಚಿಯ ಎಣ್ಣೆಯಿಂದಾಗಿ ಎಷ್ಟೋ ಹೊತ್ತು ಕೆಳಗೂ ಬರಲಿಲ್ಲ. ಮಾರನೆಯ ದಿನ ಅಷ್ಟೇ ಮಂಡಕ್ಕಿ, ಅಷ್ಟೇ ಯೂನಿಟ್, ಆದರೆ ತಿನ್ನುವುದಕ್ಕೆ 15 ನಿಮಿಷ ಮೊದಲೇ ಇಂಜೆಕ್ಷನ್. ಗುಡ್ಡ ತಗ್ಗಿ ದಿಣ್ಣೆ ಆಗಿತ್ತು. "ಅಕ್ಕಾ, ಇಲ್ ನೋಡು" ಅಂತ ರಾತ್ರಿ ಹತ್ತೂವರೆಗೆ ಫೋಟೋ ಕಳಿಸಿದ. ನಾನು ಮೂರು ವರ್ಷ ಹೇಳಿದ್ದನ್ನು ಆ ಗೆರೆ ಎರಡು ಸಂಜೆಯಲ್ಲಿ ಹೇಳಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು.

ಹೆದರಿಕೆ

ಇದು ನನ್ನದು. ಹೆದರುವವರು ಕಾಯಿಲೆಯನ್ನು ಅಲಕ್ಷ್ಯ ಮಾಡುವುದಿಲ್ಲ, ಅದನ್ನು ಪರೀಕ್ಷೆ ಮಾಡಿಕೊಂಡುಬಿಡುತ್ತಾರೆ. ಮೀಟರಿನಲ್ಲಿ 260 ಬಂದರೆ ಫೇಲು. ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು, ಅಪ್ಪ ಸ್ಟ್ರಿಪ್ಪಿನ ಬೆಲೆ ಲೆಕ್ಕ ಹಾಕುತ್ತಿದ್ದರು. ಇಬ್ಬರೂ ನನ್ನನ್ನು ಬೈದದ್ದೇ ಇಲ್ಲ. ಆದರೂ ಕೆಟ್ಟ ನಂಬರ್ ನೋಡುವುದಕ್ಕಿಂತ ನೋಡದೇ ಇರುವುದು ಸುಲಭ ಅನಿಸಿ ಚೆಕ್ ಮಾಡುವುದನ್ನೇ ಬಿಟ್ಟೆ, ಪುಸ್ತಕ ಮಾತ್ರ ತುಂಬಿಸಿದೆ. ನಂಬರಿಗೆ ಬೆಲೆ ಇಲ್ಲ ಅಂತಲ್ಲ. ಅಮೆರಿಕ, ಕೆನಡಾದಲ್ಲಿ 13ರಿಂದ 39 ವಯಸ್ಸಿನ 1,441 ಜನರ ಮೇಲೆ ನಡೆದು 1993ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ, ಶುಗರನ್ನು ಬಿಗಿಯಾಗಿ ಹಿಡಿದವರಿಗೆ ಕಣ್ಣಿನ ತೊಂದರೆ ಶುರುವಾಗುವುದು ಸುಮಾರು ಮುಕ್ಕಾಲು ಪಾಲು ತಗ್ಗಿತ್ತು. ಇದನ್ನು ಹೆದರುವ ಮಗುವಿಗೆ ದಿನಾ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ.

ಅಪ್ಪ ಅಮ್ಮಂದಿರು ಒಂದು ಬದಲಾವಣೆ ಮಾಡಿಕೊಂಡರೆ ಸಾಕು. ನಂಬರ್ ಕೇಳಿದ ತಕ್ಷಣ "ಏನು ತಿಂದೆ?" ಅನ್ನಬೇಡಿ. "ಸರಿ, ಈಗ ಏನು ಮಾಡೋಣ?" ಅನ್ನಿ. ಮೊದಲನೆಯ ಪ್ರಶ್ನೆ ಕಳ್ಳನಿಗೆ ಕೇಳುವಂಥದ್ದು.

ಓದಿನ ಹುಡುಗಿಯ ಇನ್ನೊಂದು ಗುಂಡಿ, ಬೇಗ ಸರಿಮಾಡುವ ಆತುರ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ 280 ಇತ್ತು. 4 ಯೂನಿಟ್ ತಗೊಂಡೆ. ಮೂರಕ್ಕೆ ನೋಡಿದರೆ 265. ಇಳಿಯುತ್ತಲೇ ಇಲ್ಲ ಅಂತ ಇನ್ನೊಂದು 4. ನಾಲ್ಕೂವರೆಗೆ ಪಿಜಿಯ ಅಡುಗೆಮನೆಯಲ್ಲಿ ಕೂತು ಸಕ್ಕರೆ ಡಬ್ಬಿಗೆ ಕೈ ಹಾಕಿ ಮುಕ್ಕುತ್ತಿದ್ದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಸಕ್ಕರೆ ನೈಟಿಯ ಮೇಲೆ, ಆ ಬೆವರಿಗೆ ಅದು ಮೈಗೆ ಅಂಟುತ್ತಿತ್ತು. ಬೆಳಗ್ಗೆ ಇರುವೆ ಸಾಲು ನನ್ನ ಹಾಸಿಗೆಯವರೆಗೂ ಬಂದಿತ್ತು. ಊಟದ ಇನ್ಸುಲಿನ್ ಚುಚ್ಚಿದ ಮೇಲೆ ಸುಮಾರು 4 ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಮೊದಲಿನದು ಮುಗಿಯುವ ಮೊದಲೇ ಇನ್ನೊಂದು ಹಾಕಿದರೆ ಎರಡೂ ಸೇರಿಕೊಂಡು ಕೆಡವುತ್ತವೆ. ಈಗ ನಾನು ರಾತ್ರಿ ಕರೆಕ್ಷನ್ (ಏರಿದ ಶುಗರ್ ಇಳಿಸುವ ಡೋಸ್) ತಗೊಂಡರೆ ಅಂಗೈ ಮೇಲೆ ಪೆನ್ನಿನಲ್ಲಿ ಸಮಯ ಬರೆದುಕೊಳ್ಳುತ್ತೇನೆ: '2ಕ್ಕೆ ಆಯ್ತು, 6ರವರೆಗೆ ಕೈ ಕಟ್ಟು'. ಎಷ್ಟು ಗಂಟೆ ಕಾಯಬೇಕು ಅನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಸೆನ್ಸರಿನ ವಿಷಯದಲ್ಲೂ ನಾವಿಬ್ಬರು ಉಲ್ಟಾ. ಅವನಿಗೆ ಎಲ್ಲ ಅಲಾರಂ ಹಾಕಿಟ್ಟೆವು. ನಾನು ಹೈ ಅಲಾರಂ 250ಕ್ಕೆ ಏರಿಸಿ, ಲೋ ಅಲಾರಂ ಮಾತ್ರ ಹಾಗೇ ಬಿಟ್ಟೆ. 160ಕ್ಕೆಲ್ಲ ಕೂಗಿದರೆ ನನಗೆ ಊಟವೇ ಸೇರುವುದಿಲ್ಲ. ಸೆನ್ಸರ್ ತೋರಿಸುವುದು ಚರ್ಮದಡಿಯ ದ್ರವದ ಲೆಕ್ಕ, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ ಅನ್ನುವುದು ಗೊತ್ತಿದ್ದರೆ ಬಾಣದ ಗುರುತು ನೋಡಿ ಎದೆ ಹೊಡೆದುಕೊಳ್ಳುವುದು ಸ್ವಲ್ಪ ಕಡಿಮೆ.

ಶಿಸ್ತಿನವರು ಸಂತೋಷಪಡುವ ಜಾಗವೂ ಇದೆ: ತಕ್ಕಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಶುಗರ್ ಏರಿಸುವ ಅಂಶ). ಬೆಂದ ಮುದ್ದೆ ತೂಗಿ ತಲೆ ಕೆಡಿಸಿಕೊಳ್ಳಬೇಡಿ, ನೀರು ದಿನಕ್ಕೊಂದು ತೆರ. ಒಣ ಹಿಟ್ಟು ತೂಗಿ, ಎಷ್ಟು ಮುದ್ದೆ ಆಯಿತೋ ಅಷ್ಟಕ್ಕೆ ಹಂಚಿ. ಚಿಕ್ಕಪ್ಪನ ಮಗನಿಗೆ ತಕ್ಕಡಿ ಕಂಡರಾಗದು. ಅವನಿಗೆ ಅಂತ ಒಂದು ಬಟ್ಟಲು ಇದೆ, ಮುದ್ದೆ ಯಾವಾಗಲೂ ಅದರಲ್ಲೇ ತಿರುವುವುದು. ಒಂದು ಬಟ್ಟಲಿನ ಲೆಕ್ಕ ಒಮ್ಮೆ ತೂಗಿದ್ದು ನಾನು, ಅವನು ತಿನ್ನುತ್ತಾನೆ.

ನಾಚಿಕೆ

ನಮ್ಮ ಎದುರು ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಳು. ಬೆಳಗ್ಗೆ ರಾತ್ರಿ ಒಂದೂ ಇಂಜೆಕ್ಷನ್ ತಪ್ಪಿಸುವವಳಲ್ಲ, ಮಧ್ಯಾಹ್ನದ್ದು ಮಾತ್ರ ಇಲ್ಲ. ಕಾಲೇಜಿನಲ್ಲಿ ಎಲ್ಲರ ಎದುರು ಪೆನ್ನು ತೆಗೆಯಬೇಕಲ್ಲ. ಟಾಯ್ಲೆಟ್ಟಿಗೆ ಹೋಗಿ ಚುಚ್ಚಿಕೊಳ್ಳೋಣ ಅಂದರೆ ಅಲ್ಲಿನ ಅವಸ್ಥೆ ನಿಮಗೇ ಗೊತ್ತು. ಅವಳ ಹಾಳೆಯಲ್ಲಿ 'ನಾಚಿಕೆ' 11 ಇತ್ತು. ಅವಳಮ್ಮ ಬೇರೆ "ಯಾರಿಗೂ ಹೇಳ್ಬೇಡ, ನಾಳೆ ಹೆಣ್ಣು ನೋಡೋರು ಬರ್ತಾರೆ" ಅಂದಿದ್ದರು. (ನನ್ನ ಮದುವೆಗೆ ಮೊದಲು ಹುಡುಗನ ಮನೆಯಲ್ಲಿ ನಾನೇ ಪೆನ್ನು ತೆಗೆದು ತೋರಿಸಿದ್ದೆ. ಇಬ್ಬರು ಎದ್ದುಹೋದರು, ಮೂರನೆಯವರು ಕಾಫಿಗೆ ಸಕ್ಕರೆ ಹಾಕಬೇಕಾ ಅಂತ ಕೇಳಿದರು.)

ನಾಚುವವರಿಗೆ ಹತ್ತು ಜನರ ಮುಂದೆ ಭಾಷಣ ಬೇಡ, ಒಬ್ಬಳು ಗೆಳತಿ ಸಾಕು. ಮೂರು ವಾಕ್ಯ ಮನೆಯಲ್ಲಿ ಕನ್ನಡಿ ಮುಂದೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಸಿದೆ: "ನನಗೆ ಟೈಪ್ 1 ಶುಗರ್ ಇದೆ. ಇದು ಅಂಟುವುದಿಲ್ಲ. ಊಟಕ್ಕೆ ಮುಂಚೆ ಒಂದು ಇಂಜೆಕ್ಷನ್, ಎರಡು ನಿಮಿಷ ನನ್ನ ಜೊತೆ ಬರ್ತೀಯಾ?" ಲೆಕ್ಚರರ್ ಹತ್ತಿರ ಮಾತಾಡಲು ಬಾಯಿ ಬಾರದಿದ್ದರೆ ಕಾಗದ ಮಾತಾಡಲಿ. ಡಾಕ್ಟರ ಚೀಟಿ ಕೊಡಿ. ಶಾಲೆಯಲ್ಲಿ ಶುಗರ್ ಚೆಕ್ ಮಾಡಲು, ಇನ್ಸುಲಿನ್ ತಗೊಳ್ಳಲು, ತಿಂಡಿ ತಿನ್ನಲು ಬಿಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಯ ಹಾಲಿಗೆ ತಿಂಡಿ ಒಯ್ಯಲು ಇಂಥ ಮಕ್ಕಳಿಗೆ ಅವಕಾಶ ಕೊಟ್ಟಿತ್ತು. ಇವನ್ನು ಚೀಟಿಯ ಜೊತೆ ಪಿನ್ ಮಾಡಿ.

ನಾಚಿಕೆಯವರು ಕೈಗೆ ಬೇಗ ಸಿಗುವ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾರೆ. ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಒಂದು ದಿನ ಹಿಡಿದರೆ ಒಂದು ದಿನ ಹಿಡಿಯುವುದಿಲ್ಲ. ಪ್ರತಿ ಸಲ ಒಂದು ಬೆರಳಗಲ ಜರುಗಿಸಬೇಕು.

ಬೇಡ ಅನ್ನಲಾಗಲಿಲ್ಲ

ಒಳ್ಳೆಯ ಮಕ್ಕಳ ಕಾಯಿಲೆ. ಮದುವೆ ಮನೆಯಲ್ಲಿ ಅತ್ತೆ ಬಂದು ಹೋಳಿಗೆ ಹಾಕಿದರೆ ಕೈ ಅಡ್ಡ ಹಿಡಿಯಲಾಗದು. ಹೋಳಿಗೆ ತಿನ್ನಬಾರದು ಅಂತೇನಿಲ್ಲ, ಲೆಕ್ಕ ಹಾಕಿ ಇನ್ಸುಲಿನ್ ತಗೊಂಡು ತಿನ್ನಬಹುದು. ಲೆಕ್ಕ ಆದ ಮೇಲೆ ಬರುವ ಎರಡನೆಯದಕ್ಕೆ "ಬೇಡ" ಅನ್ನುವ ಬದಲು "ಆಮೇಲೆ ಹಾಕಿಸ್ಕೊತೀನಿ ಅತ್ತೆ" ಅನ್ನಿ. ಆಮೇಲೆ ಯಾರೂ ಬರುವುದಿಲ್ಲ.

ಆದರೆ ಒಂದು ಕಡೆ ಮಾತ್ರ ಕಟುವಾಗಲೇಬೇಕು. ಹಾಗಲಕಾಯಿ ರಸ ಕುಡಿ, ಆ ಊರಿನ ಔಷಧಿ ತಗೋ, ಇನ್ಸುಲಿನ್ ಬಿಡು ಅನ್ನುವವರು ಪ್ರತಿ ಮನೆಗೂ ಬರುತ್ತಾರೆ. ಟೈಪ್ 1ರಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ದೇಹವೇ ಹಾಳುಮಾಡಿರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14ರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳಿಗೆ ಇದ್ದ ಚಿಕಿತ್ಸೆ ಅಂದರೆ ಉಪವಾಸ, ಅದೂ ಸಾವನ್ನು ಸ್ವಲ್ಪ ಮುಂದೂಡಲು. ಹೇಳಿದವರು ದೊಡ್ಡಪ್ಪನೇ ಆಗಿರಲಿ, ತಲೆ ಆಡಿಸಿ, ಇನ್ಸುಲಿನ್ ಬಿಡಬೇಡಿ.

ಬೇಜಾರು

ಇದಕ್ಕೆ ಸ್ವಭಾವದ ಹಂಗಿಲ್ಲ, ಎಲ್ಲರಿಗೂ ಬರುತ್ತದೆ. ಕಾಯಿಲೆಯನ್ನು ಹೊತ್ತು ಹೊತ್ತು ಆಗುವ ಈ ಸುಸ್ತನ್ನು ಅಳೆಯಲು 1995ರಲ್ಲೇ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ, ಅಂದರೆ ನೀವು ಸೋಮಾರಿ ಅಲ್ಲ. ಆ ದಿನಗಳಿಗೆ ನಾನು 'ಗಂಜಿ ದಿನ' ಅನ್ನುತ್ತೇನೆ. ಜ್ವರ ಬಂದಾಗ ಹಬ್ಬದಡಿಗೆ ಮಾಡುವುದಿಲ್ಲವಲ್ಲ, ಹಾಗೆ. ಗಂಜಿ ದಿನದಲ್ಲೂ ಬಿಡಬಾರದ್ದು ಬೇಸಲ್, ಊಟ ಮಾಡಿದರೆ ಊಟದ ಇನ್ಸುಲಿನ್, ಮಲಗುವ ಮೊದಲು ಒಂದು ಚೆಕ್, ಜೇಬಿನಲ್ಲಿ ಸಕ್ಕರೆ. ಕಾರ್ಬ್ ಲೆಕ್ಕ ಅಂದಾಜಿಗೆ ಇರಲಿ, ಡೈರಿ ಬೇಡ. ಆದರೆ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಬಂದರೆ ಗಂಜಿ ದಿನ ಅಲ್ಲಿಗೆ ಮುಗಿಯಿತು. ಕೀಟೋನ್ (ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿರಬಹುದು, ನೇರ ಆಸ್ಪತ್ರೆಗೆ. ಬೇಜಾರು ವಾರಗಟ್ಟಲೆ ಬಿಡದಿದ್ದರೆ, ತೂಕ ಇಳಿಸಲೆಂದೇ ಇನ್ಸುಲಿನ್ ತಪ್ಪಿಸುತ್ತಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಡಾಕ್ಟರಿಗೆ ಹೇಳಿ. ಹೇಳಲು ಯಾರೂ ಇಲ್ಲದ ರಾತ್ರಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಕ್ಯಾಲೆಂಡರ್ ಹಾಳೆಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಯ್ಯಿರಿ, ಮೀಟರಿನ ಜೊತೆಗೆ. ಎದುರು ಮನೆಯ ಹುಡುಗಿ ಒಯ್ದಿದ್ದಳು, 11 'ನಾಚಿಕೆ' ನೋಡಿ ಡಾಕ್ಟರು ಡೋಸ್ ಏರಿಸದೆ ಕಾಲೇಜಿಗೆ ಒಂದು ಚೀಟಿ ಬರೆದುಕೊಟ್ಟರು. ಈಗ ಊಟಕ್ಕೆ ಮುಂಚೆ ಲ್ಯಾಬ್ ಪಕ್ಕದ ಕೋಣೆಗೆ ಗೆಳತಿಯ ಜೊತೆ ಹೋಗುತ್ತಾಳೆ. ಅವಳು ಪೆನ್ನು ತಿರುವುವಾಗ ಆ ಗೆಳತಿ ಬೇಕಂತಲೇ ತಪ್ಪು ತಪ್ಪಾಗಿ ಎಣಿಸುತ್ತಾಳಂತೆ.

ನನ್ನ 2003ರ ಪುಸ್ತಕ ಅಮ್ಮನ ಟ್ರಂಕಿನಲ್ಲಿ ಇನ್ನೂ ಇದೆ. ಸಾರಿನ ಕಲೆ ಹಾಗೇ ಇದೆ, ಮೂರು ಪೆನ್ನಿನ ಬಣ್ಣವೂ ಹಾಗೇ. ಹೋದ ದೀಪಾವಳಿಗೆ ಅದನ್ನು ತೆಗೆದು ಚಿಕ್ಕಪ್ಪನ ಮಗನಿಗೆ ತೋರಿಸಿದೆ. ಎಲ್ಲ ಓದಿ, ಆ 210ರ ಹತ್ತಿರ ಬೆರಳಿಟ್ಟು, "ಅಕ್ಕಾ, ಹೋಳಿಗೆನಾದ್ರೂ ನಿಜವಾಗ್ಲೂ ತಿಂದಿದ್ಯಾ?" ಅಂದ. ಆ ತಿಂಗಳು ನಾವು ಅಜ್ಜಿ ಮನೆಗೇ ಹೋಗಿರಲಿಲ್ಲ.